ಬಾರ್ಟೀನಿ

ನಾಲ್ಕು ದಿನದಿಂದ ನಾಟಕದ ತಾಲೀಮು ಆ ಬಾಗಿಲಿನ ಹತ್ತಿರ ಬಂದು ನಿಂತುಬಿಡುತ್ತಿತ್ತು. ಎಪ್ಪತ್ತೊಂದು ವರ್ಷದ ನಟ ಓಗಾವಾ ಸಾನ್ (ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ) ಕೈಯಲ್ಲಿ ಪೆಟ್ಟಿಗೆ ಹಿಡಿದು ಹೊಸ್ತಿಲವರೆಗೆ ಚೆನ್ನಾಗಿಯೇ ನಡೆದು ಬರುತ್ತಿದ್ದರು. ಅಲ್ಲಿ ತಿರುಗಿ, ಕಿಟಕಿಯ ಪಕ್ಕ ಕೂತ ಮಗಳಿಗೆ ಒಂದೇ ಒಂದು ಮಾತು ಹೇಳಿ ಹೊರಗೆ ಹೋಗಬೇಕು. ಅಷ್ಟೇ ಅವರ ಪಾತ್ರ. ಆದರೆ ಆ ಮಾತು ಬರುವ ಹೊತ್ತಿಗೆ ಅವರು ಹಲ್ಲಿನ ಸಂದಿಯಿಂದ ಸುಯ್ ಎಂದು ಉಸಿರೆಳೆದುಕೊಂಡು, ಕತ್ತು ಓರೆ ಮಾಡಿ, "ಸುಮಿಮಾಸೆನ್, ಚೊತ್ತೋ..." ಎನ್ನುತ್ತಿದ್ದರು. ಕ್ಷಮಿಸಿ, ಸ್ವಲ್ಪ... ಎಂದರ್ಥ. ಸ್ವಲ್ಪ ಏನು ಎಂಬುದನ್ನು ಜಪಾನಿನಲ್ಲಿ ಹೇಳುವವರು ಹೇಳುವುದಿಲ್ಲ, ಕೇಳುವವರು ಕೇಳುವುದಿಲ್ಲ. ನಿರ್ದೇಶಕಿ ಮೊರಿ ಸಾನ್ ತಲೆದೂಗಿ ಚಹಾಕ್ಕೆ ಬಿಡುವು ಕೊಡುತ್ತಿದ್ದರು.

ಎಲ್ಲರೂ ಕೂತು ಚಹಾ ಕುಡಿದರೆ, ನಾಟಕ ಬರೆದ ವೇದವಲ್ಲಿ ಮಾತ್ರ ಕೂರಲಾರಳು. ಕುರ್ಚಿ ಬದಲಾಯಿಸುವಳು, ಎದ್ದು ಕಿಟಕಿಗೆ ಹೋಗುವಳು, ಕಾಲುವೆಯ ನೀರು ನೋಡುವಳು, ಪೆನ್ಸಿಲ್ಲಿನ ಹಿಂಬದಿ ಕಚ್ಚುವಳು. ಯಾರಾದರೂ "ಸರಿಯಿದೆಯೇ?" ಎಂದು ಕಣ್ಣಲ್ಲೇ ಕೇಳಿದರೆ, "ಇಲ್ಲ ಇಲ್ಲ, ತುಂಬ ಚೆನ್ನಾಗಿ ಬರುತ್ತಿದೆ" ಎಂದು ನಗುವಳು. ಇಂಗ್ಲಿಷರ ಮರ್ಯಾದೆಯೂ ಕಡಿಮೆಯದಲ್ಲ. ಹೀಗೆ ಎರಡು ದೇಶದ ಮರ್ಯಾದೆಗಳು ಎದುರುಬದುರು ಕೂತು ನಾಲ್ಕು ದಿನ ಹಾಳಾಗಿದ್ದವು. ಇವತ್ತು ಶನಿವಾರ. ಮೊದಲ ಪ್ರದರ್ಶನ ಬರುವ ಶುಕ್ರವಾರ.

ವೇದವಲ್ಲಿ ಎಂಬ ಹೆಸರು ಕೇಳಿ ನೀವು ಮಡಿ ಸೀರೆಯ ಅಜ್ಜಿಯೊಬ್ಬರನ್ನು ಕಲ್ಪಿಸಿಕೊಂಡಿದ್ದರೆ ತಪ್ಪು ನಿಮ್ಮದಲ್ಲ. ಹೆಸರು ನಿಜಕ್ಕೂ ಅಂಥ ಅಜ್ಜಿಯದೇ. ಮೈಸೂರಿನಿಂದ ಹೋಗಿ ಯಾರ್ಕ್‌ಷೈರಿನ ಒಂದು ಊರಿನಲ್ಲಿ ಡಾಕ್ಟರಾಗಿದ್ದ ರಾಮಪ್ರಸಾದ, ಅಲ್ಲಿಯ ನರ್ಸ್ ಒಬ್ಬಳನ್ನು ಮದುವೆಯಾಗಿ, ಹುಟ್ಟಿದ ಮಗಳಿಗೆ ತನ್ನ ತಾಯಿಯ ಹೆಸರಿಟ್ಟ. ಸ್ಕೂಲಿನವರ ನಾಲಿಗೆ ಅದಕ್ಕೆ ಹೊರಳಲಿಲ್ಲ. ಹಿಂದೆ ಮುಂದೆ ಕತ್ತರಿಸಿ ನಡುವೆ ಉಳಿದ ಚೂರನ್ನು 'ವ್ಯಾಲ್' ಎಂದು ಕರೆದರು. ಪೋಸ್ಟರುಗಳಲ್ಲಿ, ಪತ್ರಿಕೆಗಳಲ್ಲಿ, ಬಹುಮಾನದ ಫಲಕಗಳಲ್ಲಿ ಅವಳು ವ್ಯಾಲ್ ರಾವ್. ನಾವು ಅಜ್ಜಿಯ ಹೆಸರನ್ನೇ ಇಟ್ಟುಕೊಳ್ಳೋಣ.

ಅವಳಿಗೆ ಏಳು ವರ್ಷವಾಗಿದ್ದಾಗ, ನವೆಂಬರಿನ ಒಂದು ಮಂಗಳವಾರ, ಅಪ್ಪ ಪೆಟ್ಟಿಗೆ ಹಿಡಿದು ಬಾಗಿಲಿಗೆ ಹೋದ. ತಿರುಗಿ, "ಬರ್ತೀನಿ ಪುಟ್ಟಿ" ಅಂದ. ಹುಡುಗಿಗೆ ಗೊತ್ತಿದ್ದ ಕನ್ನಡ ಹತ್ತೋ ಹನ್ನೆರಡೋ ಮಾತು. ಬಾ, ತಿನ್ನು, ಸಾಕು, ಪುಟ್ಟಿ, ಇಂಥವು. 'ಬಾ' ಗೊತ್ತಿದ್ದರಿಂದ 'ಬರ್ತೀನಿ'ಯನ್ನೂ ತಾನೇ ಬಿಡಿಸಿಕೊಂಡಳು. ಬರುತ್ತೇನೆ ಅಂದಿದ್ದಾನೆ, ಬರುತ್ತಾನೆ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಅಪ್ಪ ಅಮ್ಮನ ನಡುವೆ ಏನು ಮುರಿದಿತ್ತೋ ಅವಳಿಗೆ ಗೊತ್ತಿರಲಿಲ್ಲ, ಅಪ್ಪ ಬರಲಿಲ್ಲ. ಹನ್ನೆರಡನೇ ವರ್ಷದವರೆಗೆ ಹುಟ್ಟುಹಬ್ಬಕ್ಕೆ ಕಾರ್ಡು ಬಂತು, ಆಮೇಲೆ ಅದೂ ನಿಂತಿತು.

ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಅವಳು ಆ ಕುರ್ಚಿಯ ಕುರಿತೇ ನಾಟಕ ಬರೆದಳು. ಹೆಸರು 'ಬಾರ್ಟೀನಿ'. ಕಿವಿಗೆ ಬಿದ್ದದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹಾಗಾಗುತ್ತದೆ. ಲೀಡ್ಸಿನ ಒಂದು ಪಬ್ಬಿನ ಮಹಡಿಯಲ್ಲಿ ಮೊದಲ ಪ್ರದರ್ಶನ. ಬಂದವರಲ್ಲಿ ಅರ್ಧ ಜನ ಅದು ಯಾವುದೋ ಹೊಸ ಮದ್ಯದ ಹೆಸರು ಎಂದುಕೊಂಡಿದ್ದರು. ಅಪ್ಪ ಆ ಮಾತು ಹೇಳಿ ಹೋಗುತ್ತಾನೆ. ಮಗಳು ಕಿಟಕಿಯಲ್ಲಿ ಕೂತು, ಪ್ರೇಕ್ಷಕರ ಕಣ್ಣೆದುರೇ, ಎಪ್ಪತ್ತು ನಿಮಿಷದಲ್ಲಿ ಮುದುಕಿಯಾಗುತ್ತಾಳೆ. "ನನ್ನ ಅಪ್ಪ ನನಗೆ ಕೊಟ್ಟದ್ದು ಒಂದೇ ಶಬ್ದ, ಅದೂ ಸುಳ್ಳು" ಎಂಬುದು ಕೊನೆಯ ಮಾತು. ಆರು ತಿಂಗಳಲ್ಲಿ ನಾಟಕ ಲಂಡನ್ನಿಗೆ ಹೋಯಿತು, ಅಲ್ಲಿಂದ ಶಾಲೆಯ ಪಠ್ಯಕ್ಕೆ. ಸಂದರ್ಶನಕ್ಕೆ ಬಂದವರಿಗೆಲ್ಲ ಅವಳು ಆ ಮಂಗಳವಾರದ ಕಥೆ ಹೇಳಿದಳು. ಮರುವರ್ಷ ಮೈಸೂರಿನಿಂದ ಅಪ್ಪನ ಒಂದು ಸಾಲಿನ ಪತ್ರ ಬಂತು: "ಪ್ರಿಯ ವಲ್ಲಿ, ನಾನು ಹೇಳಿದ್ದು ಅದಲ್ಲ." ಹೇಳಿದ್ದನ್ನೂ ಇಲ್ಲವೆನ್ನುತ್ತಾನಲ್ಲ ಎಂದು ಅವಳ ಮೈ ಉರಿದುಹೋಯಿತು. ಆ ಒಂದು ಸಾಲಿನಿಂದ ಎರಡನೆಯ ನಾಟಕ ಬರೆದಳು.

ಆಮೇಲೆ ಬರೆದವು ಯಾವುವೂ ನಿಲ್ಲಲಿಲ್ಲ. ಗಣಿಯ ಹೆಂಗಸರ ಮೇಲೆ ಬರೆದದ್ದು ಹನ್ನೆರಡು ದಿನಕ್ಕೆ ಮುಚ್ಚಿತು. ಟೀವಿಗೆ ಬರೆದಳು, ರೇಡಿಯೋಗೆ ಬರೆದಳು, ಹುಡುಗರಿಗೆ ಪಾಠ ಹೇಳಿದಳು. ಎಲ್ಲಿ ಹೋದರೂ 'ಬಾರ್ಟೀನಿ ಬರೆದವಳು'. ಐವತ್ನಾಲ್ಕು ವರ್ಷದ ಅವಳ ಬಾಳು, ಕಸುಬು, ಕೋಪ, ಮೂರೂ ಆ ಒಂದು ಶಬ್ದಕ್ಕೆ ತಗುಲಿಹಾಕಿಕೊಂಡಿದ್ದವು. ಆ ಶಬ್ದ ಕಿತ್ತು ಬಂದರೆ ಮೂರೂ ಕೆಳಗೆ.

ಟೋಕಿಯೋದ ಕೋಟೋ ವಾರ್ಡಿನ ಈ ಸಣ್ಣ ರಂಗತಂಡದವರು ಮೊದಲು ಅದನ್ನು ಇಟಲಿಯ ನಾಟಕವೆಂದೇ ತಿಳಿದಿದ್ದರಂತೆ. ಲೇಖಕಿಯ ಅಪ್ಪ ಕರ್ನಾಟಕದವನೆಂದು ಗೊತ್ತಾದ ಮೇಲೆ, ತೊಯೊಸು ಹತ್ತಿರದ ಎತ್ತರದ ಫ್ಲಾಟುಗಳಲ್ಲಿ ಕನ್ನಡದವರಿದ್ದಾರೆ ಎಂದು ಹುಡುಕಿ, ನಮ್ರತಾಳನ್ನು ದುಭಾಷಿಯಾಗಿ ಕರೆತಂದರು. ನಮ್ರತಾ ಗಂಡನ ಕೆಲಸದ ಹಿಂದೆ ಬೆಂಗಳೂರಿನಿಂದ ಬಂದವಳು; ಹನ್ನೊಂದು ವರ್ಷದಲ್ಲಿ ಜಪಾನಿ ಭಾಷೆಯನ್ನು ಅಲ್ಲಿಯವರೇ ಬೆರಗಾಗುವಷ್ಟು ಕಲಿತಿದ್ದಳು. ಜಪಾನಿನಲ್ಲಿ ಆಡಿಸುವಾಗ ಮನೆಯೂ ಜಪಾನಿನದೇ ಆಗಲಿ, ಅಪ್ಪನ ಮಾತೂ ಜಪಾನಿಯಲ್ಲೇ ಇರಲಿ ಎಂದು ವೇದವಲ್ಲಿ ಒಪ್ಪಿದ್ದಳು. ಮೊರಿ ಸಾನ್ ಆ ಜಾಗಕ್ಕೆ "ಕನಾರಾಜು ಮೊದೊರು" ಎಂದು ಹಾಕಿದ್ದರು. ಖಂಡಿತ ತಿರುಗಿ ಬರುತ್ತೇನೆ ಎಂದು. ಓಗಾವಾ ಸಾನ್ ಬಾಯಿಂದ ಬರದೆ ನಿಂತಿದ್ದ ಮಾತು ಅದೇ.

"ಅವರಿಗೆ ಏನಾಗಿದೆ?" ಎಂದು ಶನಿವಾರ ಸಂಜೆ ವೇದವಲ್ಲಿ ಕೇಳಿದಳು. ಇಬ್ಬರ ಮಾತೂ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ನಮಗಾಗಿ ಕನ್ನಡದಲ್ಲಿ ಇಟ್ಟುಕೊಳ್ಳುವುದು.

ನಮ್ರತಾ ಸ್ಕ್ರಿಪ್ಟಿನ ಹಾಳೆಗಳನ್ನು ಸರಿಮಾಡುತ್ತ ತಲೆ ಎತ್ತಲಿಲ್ಲ. "ಮಾತು ಇನ್ನೂ ಬಾಯಿಗೆ ಹೊಂದಿಕೊಳ್ತಾ ಇಲ್ಲ ಅನ್ಸುತ್ತೆ ಮೇಡಂ."

"ಎರಡು ಶಬ್ದ. ನಾಲ್ಕು ದಿನ."

"ನಾಳೆ ರಜಾ ಅಲ್ವಾ, ನಮ್ಮನೆಗೆ ಊಟಕ್ಕೆ ಬನ್ನಿ. ಹುಳಿ, ಚಿತ್ರಾನ್ನ ಮಾಡ್ತೀನಿ."

ಪ್ರಶ್ನೆಗೆ ಊಟ ಉತ್ತರವಲ್ಲ ಎಂದು ವೇದವಲ್ಲಿಗೆ ಗೊತ್ತಿತ್ತು. ಆದರೂ ಒಪ್ಪಿದಳು. ಹೋಟೆಲಿಗೆ ಹೋಗದೆ ಕಾಲುವೆಯ ದಂಡೆ ಹಿಡಿದು ನಡೆದಳು. ಒಂದು ಸೇತುವೆ ದಾಟಿದರೆ ಇನ್ನೊಂದು. ಕೊಂಬಿನಿ ಎಂದು ಕರೆಯುವ, ಹಗಲೂ ರಾತ್ರಿ ತೆರೆದಿರುವ ಸಣ್ಣ ಅಂಗಡಿಗೆ ಹೋಗಿ ಅನ್ನದ ಉಂಡೆ ಕೊಂಡಳು, ತಿನ್ನದೆ ಚೀಲದಲ್ಲೇ ಇಟ್ಟುಕೊಂಡಳು. ಮತ್ತೊಂದು ಕೊಂಬಿನಿಗೆ ಹೋದಳು. ಈ ಊರಿನಲ್ಲಿ ಎಲ್ಲರೂ ತನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಅವಳ ಹಿಂದೆಯೇ ನಡೆದು ಬಂತು.

ನಮ್ರತಾಳ ಫ್ಲಾಟು ಇಪ್ಪತ್ತೆರಡನೇ ಮಹಡಿ. ಗಂಡ ಸುಪ್ರೀತ್ ಆಫೀಸಿನ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಊಟ ಅರ್ಧವಾಗಿತ್ತು, ಕರೆಗಂಟೆ ಸದ್ದು ಮಾಡಿತು. ಯೋಕೋಹಾಮಾದಲ್ಲಿ ಒಂಬತ್ತು ವರ್ಷ ಇದ್ದ ಪದ್ಮನಾಭ ಮತ್ತು ಅಹಲ್ಯಾ ಬಂದಿದ್ದರು. ಕಂಪನಿ ಅವರನ್ನು ಬೆಂಗಳೂರಿಗೆ ವಾಪಸು ಕರೆಸಿಕೊಂಡಿತ್ತು. ಜಪಾನಿನ ಕರೆಂಟಿಗೆ ನಮ್ಮ ಮಿಕ್ಸಿ ತಿರುಗುವುದಿಲ್ಲ; ಅದಕ್ಕೆ ಇಟ್ಟಿಗೆಯಂಥ ಭಾರದ ಒಂದು ಟ್ರಾನ್ಸ್‌ಫಾರ್ಮರ್ ಬೇಕು. ಅದನ್ನೂ ಮಿಕ್ಸಿಯನ್ನೂ ನಮ್ರತಾಳಿಗೆ ಕೊಟ್ಟುಹೋಗಲು ರೈಲಿನಲ್ಲಿ ಹೊತ್ತುಕೊಂಡು ಬಂದಿದ್ದರು.

"ಕೂತ್ಕೊಳ್ಳಿ, ಊಟ ಮಾಡಿ" ಅಂದಳು ನಮ್ರತಾ.

"ಇಲ್ಲ ನಮ್ರತಾ, ಪ್ಯಾಕಿಂಗ್ ಇನ್ನೂ ಹಾಗೇ ಇದೆ, ವಾರ್ಡ್ ಆಫೀಸ್ ಪೇಪರ್ಸ್ ಬೇರೆ" ಎಂದು ಪದ್ಮನಾಭ ನಿಂತೇ ನೀರು ಕುಡಿದ. ಪರಿಚಯವಾಯಿತು. ನಾಟಕ ಬರೆಯುವವರು, ಇಂಗ್ಲೆಂಡಿನವರು, ಅಪ್ಪ ಮೈಸೂರು. "ಓ, ನೈಸ್ ನೈಸ್" ಎಂದು ಇಬ್ಬರೂ ಸಂತೋಷಪಟ್ಟರು. ಹತ್ತು ನಿಮಿಷವೂ ಆಗಿರಲಿಲ್ಲ, ಹೊರಟರು. ಅಹಲ್ಯಾ ನಮ್ರತಾಳನ್ನು ತಬ್ಬಿ ಕಣ್ಣೊರೆಸಿಕೊಂಡಳು. ಪದ್ಮನಾಭ ಬಾಗಿಲಲ್ಲಿ ಬಗ್ಗಿ ಶೂ ಹಾಕಿಕೊಂಡು, ಮೇಜಿನ ಹತ್ತಿರ ಕೂತಿದ್ದ ವೇದವಲ್ಲಿಗೆ ಕೈಮುಗಿದು, "ಬರ್ತೀನಿ ಮೇಡಂ" ಅಂದ.

ನಲವತ್ತೇಳು ವರ್ಷದ ಮೇಲೆ ಅವಳಿಗೆ ಯಾರೋ ಆ ಮಾತು ಹೇಳಿದ್ದು ಅದೇ ಮೊದಲು. ವೇದಿಕೆಯ ಮೇಲೆ ಸಾವಿರ ಸಲ ಕೇಳಿದ್ದಳು; ಅದರಲ್ಲಿ ಯಾವ ನಟನಿಗೂ ಆ 'ರ್ತೀ' ಬಂದಿರಲಿಲ್ಲ. ಅವಳು ಎದ್ದು ನಿಂತಳು.

"ಯಾವಾಗ?" ಎಂದು ಕೇಳಿದಳು.

"ಸಾರಿ ಮೇಡಂ?"

"ಬರ್ತೀನಿ ಅಂದಿರಲ್ಲ. ಯಾವಾಗ ಬರುತ್ತೀರಿ?"

ಪದ್ಮನಾಭ ಹೆಂಡತಿಯ ಮುಖ ನೋಡಿದ. "ಇಲ್ಲ ಮೇಡಂ, ನಾವು ಬರಲ್ಲ. ನಾಳಿದ್ದು ಫ್ಲೈಟು. ಫಾರ್ ಗುಡ್ ಹೋಗ್ತಾ ಇದೀವಿ."

"ಮತ್ತೆ ನನಗೆ ಯಾಕೆ ಬರುತ್ತೇನೆ ಅಂದಿರಿ?"

"ಹಾಗೇ ಹೇಳೋದಲ್ವಾ ಮೇಡಂ" ಎಂದ ಅವನು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ. "ಹೋಗ್ತೀನಿ ಅನ್ನಬಾರದು. ಚಿಕ್ಕವನಿದ್ದಾಗ ನಾನು ಒಂದ್ಸಲ ಹೋಗ್ತೀನಿ ಅಂದಿದ್ದಕ್ಕೆ ನಮ್ಮಮ್ಮ ಒಳಗೆ ಕರೆದು ಕೂರಿಸಿ, ಬರ್ತೀನಿ ಅನ್ನಿಸಿ ಆಮೇಲೆ ಕಳಿಸಿದ್ರು."

"ಇಟ್ಸ್ ಜಸ್ಟ್ ಬೈ ಮೇಡಂ" ಎಂದು ಅಹಲ್ಯಾ ಸೇರಿಸಿದಳು. "ಇಲ್ಲಿಯವರು ಇತ್ತೆಕಿಮಾಸು ಅಂತಾರಲ್ಲ, ಹೋಗಿ ಬರ್ತೀನಿ ಅಂತ, ಸೇಮ್ ಅದೇ. ಎಲ್ರೂ ಹೇಳ್ತಾರೆ."

ಬಾಗಿಲು ಮುಚ್ಚಿತು. ನಮ್ರತಾ ಅದರ ಚಿಲಕ ಹಿಡಿದುಕೊಂಡೇ ನಿಂತಿದ್ದಳು, ತಿರುಗಲು ಧೈರ್ಯ ಬರಲಿಲ್ಲ.

"ನಿಮಗೆ ಗೊತ್ತಿತ್ತು" ಅಂದಳು ವೇದವಲ್ಲಿ.

"ಕನ್ನಡದವರಿಗೆಲ್ಲ ಗೊತ್ತಿರುತ್ತೆ ಮೇಡಂ. ನಿಮಗೂ ಗೊತ್ತು, ಬೇಕು ಅಂತಲೇ ಹಾಗೆ ಬರೆದಿದೀರಿ ಅಂದ್ಕೊಂಡಿದ್ದೆ. ಆ ಹುಡುಗಿಗೆ ಗೊತ್ತಿಲ್ಲ, ಬರೆದವರಿಗೆ ಗೊತ್ತು ಅಂತ. ಮೊದಲ ದಿನ ನೀವು ಎಲ್ಲರ ಮುಂದೆ ನಿಮ್ಮ ತಂದೆ ವಿಷಯ ಹೇಳಿದಿರಲ್ಲ, ಆಗ ಅರ್ಥವಾಯಿತು. ಆಗ ಹೇಳೋಕೆ ಬಾಯಿ ಬರಲಿಲ್ಲ."

"ಓಗಾವಾ ಸಾನ್?"

ನಮ್ರತಾ ಚಿಲಕ ಬಿಟ್ಟು ತಿರುಗಿದಳು. ಆಮೇಲೆ ಹೇಳಿದಳು, "ಅವರು ಅವತ್ತೇ ಕೇಳಿದರು, ಆ ಮೂಲ ಶಬ್ದ ನಿಮ್ಮ ಊರಲ್ಲಿ ಯಾವಾಗ ಹೇಳ್ತಾರೆ ಅಂತ. ನಾನು ಹೇಳಿದೆ. ಮೊರಿ ಸಾನ್ ಪಕ್ಕದಲ್ಲೇ ಇದ್ದರು."

ಅಂದರೆ ಇಡೀ ತಂಡಕ್ಕೆ ಗೊತ್ತಿತ್ತು. ನಾಲ್ಕು ದಿನ ಅವರು ಚಹಾ ಕುಡಿಯುತ್ತ ಅವಳ ಮುಖ ನೋಡುತ್ತಿದ್ದರು, ಗೊತ್ತಿಲ್ಲದಿದ್ದವಳು ಬರೆದವಳೊಬ್ಬಳೇ. ವೇದವಲ್ಲಿಗೆ ನಾಚಿಕೆ ಎಷ್ಟಾಯಿತೆಂದರೆ ಅದು ಸಿಟ್ಟಾಗಿಯೇ ಹೊರಬಂತು. "ಅವರಿಗೆ ಹೇಳಿದಿರಿ, ನನಗೆ ಹೇಳಲಿಲ್ಲ."

"ಅವರು ಕೇಳಿದರು ಮೇಡಂ" ಅಂದಳು ನಮ್ರತಾ, ಮೆಲ್ಲಗೆ.

ಆ ಮಾತಿನಲ್ಲಿ ಕೊಂಕಿರಲಿಲ್ಲ, ಆದರೂ ನಾಟಿತು. ಇಪ್ಪತ್ತೈದು ವರ್ಷದಲ್ಲಿ ಅವಳು ಯಾರನ್ನು ಕೇಳಿದ್ದಳು? ಒಂದು ನಿಘಂಟು ನೋಡಿದ್ದಳು. ಅದರಲ್ಲಿ 'ಬರು' ಎಂದರೆ ಬರುವುದು ಎಂದೇ ಇತ್ತು. ನಾಟಕ ಮುಗಿದ ಮೇಲೆ ಕನ್ನಡದವರೊಬ್ಬರು ಮಾತಾಡಿಸಲು ಬಂದಾಗ, ಹೊರಡುವ ಅವಸರವೆಂದು ಜಾರಿಕೊಂಡಿದ್ದಳು. ಅಪ್ಪನ ಪತ್ರದ ಆ ಒಂದು ಸಾಲು ಈಗ ಬೇರೆಯಾಗಿ ಓದಿಸಿಕೊಂಡಿತು. ನಾನು ಹೇಳಿದ್ದು ಅದಲ್ಲ. ಆತ ಹೇಳಿದ್ದನ್ನು ಇಲ್ಲವೆಂದಿರಲಿಲ್ಲ, ಹೇಳಿದ್ದು ಏನೆಂದು ತಿಳಿಸಲು ನೋಡಿದ್ದ.

ಅವಳು ಊಟ ಬಿಟ್ಟು ಹೊರಟಳು. ಲಿಫ್ಟಿಗೆ ಕಾಯಲಾಗದೆ ಇಪ್ಪತ್ತೆರಡು ಮಹಡಿಯನ್ನೂ ಮೆಟ್ಟಿಲಲ್ಲಿ ಇಳಿದಳು. ಮಧ್ಯಾಹ್ನವಿಡೀ ನಡೆದಳು. ಸಿಗ್ನಲ್ಲಿಗೆ ನಿಂತಾಗ ಕಾಲು ನಿಲ್ಲದೆ ಇದ್ದಲ್ಲೇ ಹೆಜ್ಜೆ ಹಾಕಿದಳು. ಬ್ರಿಟನ್ನಿನಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಜಪಾನಿನ ಈ ಹತ್ತು ಜನ ಸಭ್ಯರು, ಬಾಯಿ ಬಿಡುವುದಿಲ್ಲ. ಓಗಾವಾ ಸಾನ್‌ಗೆ ಖಡಕ್ಕಾಗಿ ಹೇಳಿದರೆ ಬರೆದದ್ದನ್ನು ಹೇಳುತ್ತಾರೆ. ಲೇಖಕಿಯ ಮಾತಿಗೆ ಇಲ್ಲಿ ಅಷ್ಟು ಬೆಲೆಯಿದೆ. ನಾಟಕ ಉಳಿಯುತ್ತದೆ. ಅದರ ಜೊತೆಗೆ, ಅಪ್ಪನ ಮೇಲೆ ಸಿಟ್ಟಾಗುವ ಹಕ್ಕೂ ಉಳಿಯುತ್ತದೆ. ನಿಜ ಹೇಳಬೇಕೆಂದರೆ ಅವಳಿಗೆ ನಾಟಕಕ್ಕಿಂತ ಆ ಹಕ್ಕಿನದೇ ಭಯವಾಗಿತ್ತು. ಅದೊಂದು ಹೋದರೆ ಆ ಕುರ್ಚಿಯಲ್ಲಿ ಕೂತಿದ್ದಕ್ಕೆ ಅರ್ಥವೇ ಇರುವುದಿಲ್ಲ.

ಸೋಮವಾರ ಬೆಳಿಗ್ಗೆ ತಾಲೀಮಿಗೆ ಎಲ್ಲರಿಗಿಂತ ಮೊದಲೇ ಬಂದಳು. ನಮ್ರತಾಳನ್ನು ಕಂಡು, "ಬರೆದ ಹಾಗೆಯೇ ಹೇಳಬೇಕು ಎಂದು ಓಗಾವಾ ಸಾನ್‌ಗೆ ತಿಳಿಸಿ" ಎಂದಳು. ನಮ್ರತಾಳ ಮುಖ ಸಣ್ಣಗಾಯಿತು. ಓಗಾವಾ ಸಾನ್ ಬಂದು ಬಗ್ಗಿ ನಮಸ್ಕರಿಸಿ, ಪೆಟ್ಟಿಗೆ ಎತ್ತಿಕೊಂಡರು. ನಮ್ರತಾ ಅವರ ಕಡೆಗೆ ನಾಲ್ಕು ಹೆಜ್ಜೆ ಇಟ್ಟಿದ್ದಳು.

"ತಾಳಿ" ಅಂದಳು ವೇದವಲ್ಲಿ. "ಅದನ್ನು ಹೇಳಬೇಡಿ. ಅವರಿಗೆ ಯಾಕೆ ಆಗುವುದಿಲ್ಲ ಎಂದು ಕೇಳಿ. ನಾನು ಕೇಳುತ್ತಿದ್ದೇನೆ ಎಂದೇ ಹೇಳಿ."

ಕೇಳಿದ್ದಕ್ಕೆ ಓಗಾವಾ ಸಾನ್ ಪೆಟ್ಟಿಗೆಯನ್ನು ನೆಲದ ಮೇಲಿಟ್ಟರು. ಹಲ್ಲಿನ ಸಂದಿಯಿಂದ ಉಸಿರೆಳೆಯಲಿಲ್ಲ. ಒಂದೊಂದೇ ವಾಕ್ಯ ಹೇಳಿ, ನಮ್ರತಾ ಅದನ್ನು ದಾಟಿಸುವವರೆಗೆ ಕಾದು, ಮುಂದಿನದನ್ನು ಹೇಳಿದರು.

"ನಾನೂ ಹಾಗೆ ಒಂದು ಮನೆಯಿಂದ ಹೊರಬಿದ್ದವನು. ಮೂವತ್ತೆರಡು ವರ್ಷದ ಹಿಂದೆ. ಮಗನಿಗೆ ಐದು ವರ್ಷ. ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಖಂಡಿತ ಬರುತ್ತೇನೆ ಎಂದು ಸುಳ್ಳು ಹೇಳುವ ಧೈರ್ಯ ಇರಲಿಲ್ಲ, ಬರುವುದಿಲ್ಲ ಎಂದು ನಿಜ ಹೇಳುವ ಧೈರ್ಯವೂ ಇರಲಿಲ್ಲ. ಅದಕ್ಕೆ ದಿನಾ ಹೇಳುವುದನ್ನೇ ಹೇಳಿದೆ. ಇತ್ತೆಕಿಮಾಸು. ಅವನು ಆಟದ ಸಾಮಾನಿನಿಂದ ತಲೆ ಎತ್ತಲಿಲ್ಲ. ನಿಮ್ಮ ನಾಟಕದ ಮನುಷ್ಯ ಸುಳ್ಳುಗಾರ. ಅವನಾಗಲು ನಾನು ಪ್ರಯತ್ನಪಟ್ಟೆ. ಆದರೆ ನನಗೆ ಗೊತ್ತಿರುವುದು ಇನ್ನೊಬ್ಬ."

ಅಷ್ಟು ಹೇಳಿ ಅವರು ಬಹಳ ಬಗ್ಗಿ ಕ್ಷಮೆ ಕೇಳಿದರು. ವೇದವಲ್ಲಿ ಆ ಬಾಗಿಲನ್ನು ನೋಡಿದಳು. ಅವಳು ಇಪ್ಪತ್ತೈದು ವರ್ಷ ಆ ಬಾಗಿಲಿನ ಈ ಕಡೆಯಿಂದ ಮಾತ್ರ ಬರೆದಿದ್ದಳು.

"ನಿಮ್ಮ ಮಾತೇ ಹೇಳಿ" ಅಂದಳು. "ಒಂದು ಸಲ ನೋಡೋಣ."

ಓಗಾವಾ ಸಾನ್ ಪೆಟ್ಟಿಗೆ ಹಿಡಿದರು, ಹೊಸ್ತಿಲಿಗೆ ಬಂದರು, ತಿರುಗಿದರು. "ಇತ್ತೆಕಿಮಾಸು" ಎಂದರು. ಅದರಲ್ಲಿ ಭಾರವೂ ಇರಲಿಲ್ಲ, ನಟನೆಯೂ ಇರಲಿಲ್ಲ. ತರಕಾರಿಗೆ ಹೋಗುವವನ ಹಾಗೆ ಹೇಳಿದರು.

"ಇತ್ತೆರಾಸ್ಶಾಯ್" ಎಂದಿತು ಕಿಟಕಿಯ ಕಡೆಯಿಂದ ಒಂದು ದನಿ.

ಎಲ್ಲರೂ ತಿರುಗಿದರು. ಮಗಳ ಪಾತ್ರದ ಎರಿ ಸಾನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಆ ಜಾಗದಲ್ಲಿ ಮಗಳಿಗೆ ಮಾತೇ ಇಲ್ಲ. ಅವಳು ಎದ್ದು ಮೊರಿ ಸಾನ್‌ಗೆ ಬಗ್ಗಿದಳು, ಲೇಖಕಿಗೆ ಬಗ್ಗಿದಳು, ಓಗಾವಾ ಸಾನ್‌ಗೆ ಬಗ್ಗಿದಳು, ಸುಮಿಮಾಸೆನ್ ಸುಮಿಮಾಸೆನ್ ಎಂದಳು.

"ಏನಂದಳು?" ಎಂದು ವೇದವಲ್ಲಿ ಕೇಳಿದಳು.

"ಬಾಯಿತಪ್ಪಿ ಬಂತಂತೆ ಮೇಡಂ. ಅವರು ಹಾಗಂದರೆ ಇವರು ಹೀಗೆ ಅನ್ನಲೇಬೇಕು, ಚಿಕ್ಕಂದಿನಿಂದ ಅಭ್ಯಾಸ. ಹೋಗಿ ಬಾ ಅಂತ ಅರ್ಥ."

"ಕನ್ನಡದಲ್ಲಿಯೂ ಇದೆಯಾ ಅದು?"

"ಇದೆ. ಬರ್ತೀನಿ ಅಂದರೆ ಹೋಗಿ ಬಾ ಅನ್ನಬೇಕು. ಹ್ಞೂಂ ಅಂತಾದರೂ ಅನ್ನಬೇಕು. ಏನೂ ಅನ್ನದಿದ್ದರೆ ಹೊರಟವರಿಗೆ ಕಾಲು ಏಳಲ್ಲ. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿರ್ತಾರೆ."

ವೇದವಲ್ಲಿ ಕೂತಳು. ನಾಟಕದಲ್ಲಿ ಆ ಮಾತಿನ ಕೆಳಗೆ ಅವಳು ಬರೆದಿದ್ದ ಸೂಚನೆಯೊಂದಿತ್ತು: 'ಅವನು ಬಾಗಿಲಲ್ಲಿ ನಿಲ್ಲುತ್ತಾನೆ. ಬಹಳ ಹೊತ್ತು.' ಅದು ಕಟ್ಟುಕಥೆಯಾಗಿರಲಿಲ್ಲ, ಆ ಮಂಗಳವಾರ ಅಪ್ಪ ನಿಜಕ್ಕೂ ಹಾಗೆ ನಿಂತಿದ್ದ. ಆ ಮೌನ ಎಷ್ಟು ಕ್ರೂರ ಎಂದು ವಿಮರ್ಶಕರು ಬರೆದಿದ್ದರು. ಸುಳ್ಳು ಹೇಳಿದವನು ತನ್ನ ಸುಳ್ಳು ನಾಟಿತೇ ಎಂದು ನೋಡುತ್ತಾನೆ ಎಂದು ಅವಳೇ ಒಂದು ಭಾಷಣದಲ್ಲಿ ವಿವರಿಸಿದ್ದಳು. ಏಳು ವರ್ಷದ ಹುಡುಗಿಗೆ ಆ ಮಾತಿಗೊಂದು ಉತ್ತರ ಇದೆಯೆಂದು ಯಾರೂ ಕಲಿಸಿರಲಿಲ್ಲ. ಅಪ್ಪ ಅದಕ್ಕಾಗಿ ಕಾದು, ಅದು ಸಿಗದೆ ಹೋಗಿದ್ದ. ವೇದವಲ್ಲಿಗೆ ಅಳು ಬಂತು, ಅತ್ತಳು. ಎಲ್ಲರೂ ಸಭ್ಯತೆಯಿಂದ ಬೇರೆ ಕಡೆ ನೋಡಿದರು.

"ಓಗಾವಾ ಸಾನ್ ಮಾತು ಹಾಗೆಯೇ ಇರಲಿ" ಎಂದಳು ಕೊನೆಗೆ, ಮುಖ ಒರೆಸಿಕೊಂಡು. "ಎರಿ ಸಾನ್ ಏನೂ ಹೇಳುವುದು ಬೇಡ. ಆ ಮಗಳಿಗೆ ಉತ್ತರ ಗೊತ್ತಿಲ್ಲ. ಇವರು ಕಾಯಲಿ. ಕೊನೆಯ ಮಾತನ್ನು ತೆಗೆದುಹಾಕಿ, ಅದು ತಪ್ಪು. ಬೇರೆಯದನ್ನು ನಾಳೆ ಬರೆದುಕೊಡುತ್ತೇನೆ." ಮೊರಿ ಸಾನ್ ಎರಡೇ ಎರಡು ಗೆರೆ ಎಳೆದು ಇಡೀ ಸಾಲು ಹೊಡೆದುಹಾಕಿದರು, ಅದಕ್ಕಾಗಿಯೇ ಪೆನ್ನು ತೆರೆದಿಟ್ಟುಕೊಂಡಿದ್ದವರ ಹಾಗೆ.

ವೇದವಲ್ಲಿ ಹೊರಗೆ ಕಾಲುವೆಯ ಕಟಕಟೆಗೆ ಬಂದಳು. ಮಧ್ಯಾಹ್ನ ಹನ್ನೆರಡೂವರೆ, ಮೈಸೂರಿನಲ್ಲಿ ಬೆಳಿಗ್ಗೆ ಒಂಬತ್ತು. ಅಪ್ಪ ಅಲ್ಲಿ ತನ್ನ ತಂಗಿಯ ಮಗಳು ವಸುಧಾಳ ಸಂಸಾರದ ಜೊತೆಗಿದ್ದ. ವಸುಧಾ ಪ್ರತಿ ಯುಗಾದಿಗೆ ಒಂದು ಶುಭಾಶಯ ಕಳಿಸುತ್ತಿದ್ದ ನಂಬರು ಫೋನಿನಲ್ಲಿತ್ತು. ಆರು ಯುಗಾದಿಗೂ ಇವಳು ಉತ್ತರ ಬರೆದಿರಲಿಲ್ಲ. ಒತ್ತಿದಳು. ಕಟಕಟೆಯ ಉದ್ದಕ್ಕೂ ಹೋದಳು, ಬಂದಳು.

ವಸುಧಾಳಿಗೆ ಒಂದು ಕ್ಷಣ ನಂಬಿಕೆಯೇ ಬರಲಿಲ್ಲ. "ಈಗ ತಾನೇ ಎದ್ದು ಬಾಗಿಲಿಗೆ ಹೋದರು" ಎಂದಳು ಇಂಗ್ಲಿಷಿನಲ್ಲಿ, ಉಸಿರುಗಟ್ಟಿ. "ಕಾಫಿಗೆ, ಸ್ನೇಹಿತರ ಜೊತೆ. ಒಂದು ನಿಮಿಷ, ಇರಿ, ಕರೀತೀನಿ. ಮಾವ ಹೇಳಿ ಹೋಗೋದೇ ಇಲ್ಲ. ಯಾರ ಮನೆಯಲ್ಲೂ ಅಷ್ಟೆ, ಮದುವೆ ಮನೆಯಲ್ಲೂ ಅಷ್ಟೆ, ಬರ್ತೀನಿ ಅನ್ನಲ್ಲ, ಸುಮ್ಮನೆ ಎದ್ದು ಚಪ್ಪಲಿ ಹಾಕ್ಕೊಂಡು ಹೊರಟುಬಿಡ್ತಾರೆ. ಜನ ಬೇಜಾರು ಮಾಡ್ಕೊಳ್ತಾರೆ."

"ಯಾವಾಗಿನಿಂದ?"

"ನಿಮ್ಮ ನಾಟಕದ ಪುಸ್ತಕ ತರಿಸಿ ಓದಿದ ಮೇಲೆ" ಎಂದಳು ವಸುಧಾ. ಆಮೇಲೆ ಓಡಿದ ಸದ್ದು, ಬಾಗಿಲು, ಏನೋ ಕನ್ನಡ.

"ಪುಟ್ಟಿ?"

ದನಿ ಸವೆದಿತ್ತು. ವೇದವಲ್ಲಿ ಇಂಗ್ಲಿಷಿನಲ್ಲಿ ಹೇಳಬೇಕೆಂದು ಜೋಡಿಸಿಕೊಂಡಿದ್ದ ವಾಕ್ಯಗಳು ಒಂದೂ ಬರಲಿಲ್ಲ. "ನಾಟಕದಲ್ಲಿ ತಪ್ಪಿದೆ" ಎಂದಷ್ಟೇ ಅಂದಳು. "ಆ ಮಾತು ಸುಳ್ಳಾಗಿರಲಿಲ್ಲ. ಈಗ ಗೊತ್ತಾಯಿತು."

"ಮಾತು ಸುಳ್ಳಲ್ಲ" ಎಂದ ರಾಮಪ್ರಸಾದ, ಬಹಳ ನಿಧಾನವಾಗಿ. "ಆದರೆ ನಾನು ಬರಲಿಲ್ಲವಲ್ಲ. ನಾಟಕದಲ್ಲಿ ಅದು ಸರಿಯಾಗಿಯೇ ಇದೆ."

ಕ್ಷಮಿಸಿದೆ ಎನ್ನುವುದು ಸುಳ್ಳಾಗುತ್ತಿತ್ತು, ಇಲ್ಲ ಎನ್ನುವುದೂ ಪೂರ್ತಿ ನಿಜವಾಗುತ್ತಿರಲಿಲ್ಲ. ಅವಳು ಕಟಕಟೆಯ ಕೊನೆಯವರೆಗೆ ಹೋಗಿ ತಿರುಗಿದಳು.

"ಹೊರಗೆ ಹೊರಟಿದ್ದಿರಾ?" ಎಂದು ಕೇಳಿದಳು.

"ಹೌದು. ಕಾಫಿಗೆ. ಅವರು ಕಾಯುತ್ತಿರುತ್ತಾರೆ."

"ಸರಿ. ಹೊರಡಿ."

ಅಪ್ಪ ಏನೂ ಹೇಳಲಿಲ್ಲ. ಒಂದು ಮಾತು ಹೇಳಬೇಕಾದ ಜಾಗ ಅಲ್ಲಿ ಖಾಲಿಯಾಗಿ ಬಿದ್ದಿತ್ತು. ಇಪ್ಪತ್ತೈದು ವರ್ಷದಿಂದ ಆತ ಅದನ್ನು ಹಾಗೆಯೇ ಖಾಲಿ ಬಿಟ್ಟು ಎಲ್ಲರ ಮನೆಯಿಂದಲೂ ಎದ್ದು ಹೋಗುತ್ತಿದ್ದ, ಇವಳು ಹಾಗೆ ಮಾಡಿಸಿದ್ದಳು. ವೇದವಲ್ಲಿ ಓಡಾಡುವುದನ್ನು ನಿಲ್ಲಿಸಿದಳು. ಬೆಳಿಗ್ಗೆಯಷ್ಟೇ ಕಲಿತ ಕನ್ನಡದ ಮಾತು, ಬಾಯಿಗೆ ಸರಿಯಾಗಿ ಕೂರಲಿಲ್ಲ. ಆದರೂ ಒಂದೊಂದೇ ಅಕ್ಷರ ಹಿಡಿದು ಹೇಳಿದಳು.

"ಹೋಗಿ ಬಾ, ಅಪ್ಪ."

ಫೋನು ಇಡುವ ಸದ್ದು ಬರಲಿಲ್ಲ. ಬಹಳ ಹೊತ್ತಿನ ಮೇಲೆ ಚಪ್ಪಲಿ ಎಳೆದುಕೊಂಡು ನಡೆದ ಸದ್ದು, ಕುರ್ಚಿಯೊಂದು ಸರಿದ ಸದ್ದು, ದೂರದಲ್ಲಿ ವಸುಧಾಳ ಗಾಬರಿಯ ದನಿ: "ಯಾಕ್ ಮಾವ, ಚಪ್ಪಲಿ ಹಾಕ್ಕೊಂಡೇ ವಾಪಸ್ ಬಂದ್ರಿ?"

ಅಷ್ಟು ಮಾತಿನಲ್ಲಿ ವೇದವಲ್ಲಿಗೆ ಅರ್ಥವಾದದ್ದು ಕೊನೆಯ ಒಂದು ಶಬ್ದ ಮಾತ್ರ: ಬಂದ್ರಿ.